ಬಾಯಿಯ ಅಚ್ಚು ಗಟ್ಟಿಯಾಗುವ ತನಕ

ನಿಮ್ಮನ್ನು ಯಾರಾದರೂ ಉದ್ದನೆಯ ಕುರ್ಚಿಯಲ್ಲಿ ಒರಗಿಸಿ, ಬಾಯಿ ತುಂಬ ಗುಲಾಬಿ ಬಣ್ಣದ ಹಿಟ್ಟು ಮೆತ್ತಿ, ‘ಈಗ ಬಲಗಾಲು ಮೇಲಕ್ಕೆ ಎತ್ತಿ’ ಎಂದಿದ್ದಾರೆಯೇ? ಇಲ್ಲ ತಾನೇ? ಹಾಗಾದರೆ ನಿಮ್ಮ ಬಾಯಲ್ಲಿರುವ ಹಲ್ಲುಗಳು ಇನ್ನೂ ನಿಮ್ಮವೇ. ಬಹಳ ಸಂತೋಷ. ಜಂಬ ಪಡದೆ ಮುಂದೆ ಓದಿ.

ನಾನು ಎತ್ತಿದ್ದೇನೆ. ಸೀರೆ ಉಟ್ಟುಕೊಂಡು, ಕಟ್ಟಿಕೊಂಡ ಗಂಡನ ಎದುರಿಗೇ ಎತ್ತಿದ್ದೇನೆ. ಎತ್ತಿಸಿದವರು ತಿಪಟೂರಿನಲ್ಲಿ ಒಂದು ಕಾಲಕ್ಕೆ ಇದ್ದ ಹಲ್ಲಿನ ಡಾಕ್ಟ್ರಮ್ಮ. ಹೆಸರು ಬರೆಯುವುದಿಲ್ಲ. ಬರೆದರೆ, ‘ಹೆಸರು ಹಾಕೀರಿ, ಮುಂದ ಡಿಗ್ರಿ ಯಾಕ ಹಾಕಿಲ್ಲ’ ಎಂದು ಧಾರವಾಡದಿಂದಲೇ ಫೋನು ಮಾಡಿ ಕೇಳುವ ಪೈಕಿ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರೂ ಅಲ್ಲ. ಡಾಕ್ಟ್ರಮ್ಮ ಎಂದರೆ ಅವರೊಬ್ಬರೇ.

ಮೊನ್ನೆ ಮೊಮ್ಮಗಳ ಜೊತೆ ಅವರ ಕ್ಲಿನಿಕ್ಕಿದ್ದ ಮಹಡಿ ಹತ್ತಿದೆ. ಈಗ ಅಲ್ಲಿ ಮೊಬೈಲ್ ಅಂಗಡಿ. ನನ್ನ ಹೊಸ ಫೋನಿಗೆ ಗಾಜು ಅಂಟಿಸಿಕೊಂಡು ಬರಲು ಹೋಗಿದ್ದು. ನಾನು ಒಬ್ಬಳೇ ನಗುತ್ತ ನಿಂತದ್ದನ್ನು ಕಂಡು ಮೊಮ್ಮಗಳು, “ಏನಜ್ಜಿ?” ಎಂದಳು.

“ಇದೇ ಜಾಗ ಕಣೇ. ಇಲ್ಲೇ ವಾಂತಿ ಬಂದು ಬೀದಿಗೆ ಓಡೋಗಿದ್ದೆ” ಎಂದೆ.

ಅಂಗಡಿಯವನು ತನ್ನ ಗಾಜಿನ ಡಬ್ಬಿಗಳನ್ನು ಸ್ವಲ್ಪ ಆ ಕಡೆಗೆ ಸರಿಸಿಕೊಂಡ. “ಟೈಪ್ ಮಾಡಕ್ಕೆ ಕಲ್ತಿದೀಯಲ್ಲ, ಬರೀ ಅಜ್ಜಿ” ಎಂದಳು ಮೊಮ್ಮಗಳು. ಬರೆಯುತ್ತಿದ್ದೇನೆ, ಒಂದೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ.

ಆ ಮೆಟ್ಟಿಲನ್ನು ನಾನು ಮೊದಲ ಸಲ ಹತ್ತಿದ್ದು ತೊಂಬತ್ತರ ದಶಕದಲ್ಲಿ. ಕೆಳಗೆ ಕೊಬ್ಬರಿ ತುಂಬುವ ಗೋಣಿಚೀಲಗಳನ್ನು ಹೊಲಿಯುವ ಸಾಬರ ಅಂಗಡಿ, ಮೇಲೆ ಒಂದೇ ಕೋಣೆಯ ಕ್ಲಿನಿಕ್ಕು. ಯಜಮಾನರು ಕೆಳಗೆ ಸಾಬರ ಜೊತೆ ಕೊಬ್ಬರಿ ರೇಟು ಮಾತಾಡುತ್ತ ನಿಂತರು. ನಾನು ಬಾಗಿಲು ತಳ್ಳಿದೆ. ಕುರ್ಚಿಯಲ್ಲಿ ನನಗಿಂತ ಚಿಕ್ಕ ವಯಸ್ಸಿನ ಹೆಂಗಸೊಬ್ಬರು ಒರಗಿದ್ದರು. ಬಾಯಿಂದ ಲೋಹದ ಹಿಡಿಯೊಂದು ಹೊರಗೆ ಚಾಚಿತ್ತು. ತುಟಿಯ ಸಂದಿಯಲ್ಲಿ ಗುಲಾಬಿ ಹಿಟ್ಟು. ಕಣ್ಣು ಮುಚ್ಚಿತ್ತು, ಬಲಗಾಲು ಗಾಳಿಯಲ್ಲಿತ್ತು. ಅಯ್ಯೋ ಪಾಪ, ಡಾಕ್ಟರು ಇವರನ್ನು ಹೀಗೆ ಬಿಟ್ಟು ಕಾಫಿಗೆ ಹೋಗಿರಬೇಕು ಎಂದುಕೊಂಡು ಪಕ್ಕದ ಸ್ಟೂಲಿನಲ್ಲಿ ಕೂತೆ.

“ನಿಮ್ದೂ ಮುಂದಿನವೇ ಹೋದ್ವಾ?” ಎಂದು ಸಮಾಧಾನಕ್ಕೆ ಕೇಳಿದೆ.

ಆಕೆ ಕಣ್ಣು ತೆರೆದು, ಬೆರಳೆತ್ತಿ ‘ತಡೀರಿ’ ಎಂದು ಸನ್ನೆ ಮಾಡಿದರು. ಸ್ವಲ್ಪ ಹೊತ್ತಿಗೆ ಹಿಡಿಯನ್ನು ಹಿಡಿದು ತಾವೇ ಕಿತ್ತುಕೊಂಡರು. ಪಟ್ ಎಂದು ಸದ್ದಾಯಿತು. ಬಾಯಿ ಮುಕ್ಕಳಿಸಿ, ಗೋಡೆಯ ಮೇಲಿನ ಬಿಳಿ ಕೋಟು ತೆಗೆದು ಹಾಕಿಕೊಂಡು, “ಬರ್ರಿ, ಈಗ ನೀವು ಕೂಡ್ರಿ” ಎಂದರು.

ಅವರ ಪದ್ಧತಿಯೇ ಅದು. ಹಲ್ಲಿನ ಅಳತೆ ತೆಗೆಯುವ ಪುಡಿಯ ಹೊಸ ಡಬ್ಬಿ ಒಡೆದ ದಿನ, ಮೊದಲ ಅಚ್ಚು ಅವರ ಬಾಯಿಯದೇ. ಯಾಕೆ ಎಂದರೆ, “ನಾ ತಿನ್ನದ್ದನ್ನ ಯಾರಿಗೂ ಬಡಸಂಗಿಲ್ರಿ” ಎನ್ನುತ್ತಿದ್ದರು.

ನನಗೆ ಹಲ್ಲು ಯಾಕೆ ಬೇಕಾಯಿತು ಎಂದು ಹೇಳಬೇಕು. ತಿನ್ನುವುದಕ್ಕಲ್ಲ. ಮೇಲಿನ ಸಾಲಿನ ಮುಂದಿನ ಹಲ್ಲುಗಳು ಒಸಡು ಸಡಿಲವಾಗಿ ಒಂದೊಂದೇ ಹೋದಾಗ, ಮುದ್ದೆಯ ಮನೆಯವಳು ನಾನು, ಚಿಂತೆ ಮಾಡಲಿಲ್ಲ. ಮುದ್ದೆ ನುಂಗುವುದಕ್ಕೆ ಹಲ್ಲು ಯಾರಿಗೆ ಬೇಕು? ಆದರೆ ಆ ವರ್ಷ ಪಂಚಾಯ್ತಿಯಲ್ಲಿ ಹೆಂಗಸರಿಗೆ ಜಾಗ ಮೀಸಲಾಯಿತು. ಮಾಯಸಂದ್ರದ ಕಡೆಯ ನಮ್ಮ ಊರಿನಿಂದ ಯಜಮಾನರು ನನ್ನನ್ನು ನಿಲ್ಲಿಸಿದರು. ಗೆದ್ದೆ. ಗೆದ್ದ ಮೇಲೆ ತಿಳಿಯಿತು, ಚೀಟಿಯ ಮೇಲಿನ ಹೆಸರು ಮಾತ್ರ ನನ್ನದು ಎಂದು.

ಮೊದಲ ಸಭೆಯಲ್ಲಿ ಬಾಯಿ ತೆರೆದೆ. ಹಲ್ಲಿಲ್ಲದ ಸಂದಿಯಲ್ಲಿ ಮಾತಿಗಿಂತ ಗಾಳಿಯೇ ಹೆಚ್ಚು ಬಂತು. ಎದುರಿಗೆ ಕೂತಿದ್ದ ಮೆಂಬರೊಬ್ಬ, “ಯಾರಾದ್ರೂ ಆ ಕಿಟ್ಕಿ ಹಾಕ್ರಪ್ಪ” ಎಂದ. ಎಲ್ಲರೂ ನಕ್ಕರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ. ನನ್ನ ಕುರ್ಚಿಯ ಹಿಂದೆ ನಿಂತಿದ್ದ ಯಜಮಾನರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, “ನಮ್ಮನೆಯೋರ ಅಭಿಪ್ರಾಯ ಏನಂದ್ರೆ…” ಎಂದು ಶುರು ಮಾಡಿದರು. ನನ್ನ ಅಭಿಪ್ರಾಯವನ್ನು ನಾನು ಮೊದಲ ಬಾರಿಗೆ ಕೇಳಿಸಿಕೊಂಡದ್ದು ಆವತ್ತೇ.

ಮುಂದಿನ ಸಭೆಯಲ್ಲಿ ಊರಿಗೆ ಮಂಜೂರಾದ ಕೈಪಂಪು ಎಲ್ಲಿ ಹಾಕಿಸುವುದು ಎಂದು ತೀರ್ಮಾನವಾಗಬೇಕಿತ್ತು. ಯಜಮಾನರ ಲೆಕ್ಕದಲ್ಲಿ ಅದು ನಮ್ಮ ತೆಂಗಿನ ತೋಟದ ಗೇಟಿನ ಪಕ್ಕ ಬರಬೇಕು. “ಅದೇ ಊರಿಗೆ ನಡೂಮಧ್ಯ” ಎನ್ನುತ್ತಿದ್ದರು. ನಮ್ಮ ತೋಟ ಊರಿಗೆ ನಡುಮಧ್ಯ ಆಗಬೇಕಾದರೆ ಊರನ್ನೇ ಎತ್ತಿ ಆ ಕಡೆಗೆ ಇಡಬೇಕು. ನನ್ನ ಮನಸ್ಸಿನಲ್ಲಿದ್ದುದು ಶಾಲೆ. ಅಲ್ಲಿನ ಹೆಣ್ಣುಮಕ್ಕಳು ಪಾಠ ಬಿಟ್ಟು ದೂರದ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದರು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅದೂ ‘ನಮ್ಮನೆಯೋರ ಅಭಿಪ್ರಾಯ’ವಾಗಿ ಬೇರೆಯೇ ರೂಪದಲ್ಲಿ ಹೊರಗೆ ಬರುತ್ತಿತ್ತು. ನನಗೆ ನನ್ನ ಬಾಯಿ ಬೇಕಿತ್ತು, ಆ ಸಭೆಯ ಒಳಗೆ ಬೇಕಿತ್ತು.

ಯಜಮಾನರು ಹಲ್ಲು ಕಟ್ಟಿಸಲು ಒಪ್ಪಿದ್ದು ಬೇರೆ ಕಾರಣಕ್ಕೆ. “ಮೆಂಬರ್ ಆದೋಳು ಬೊಚ್ಚುಬಾಯಿ ಬುಟ್ಕೊಂಡು ಕೂತ್ರೆ ನನ್ ಮರ್ವಾದೆ ಏನಾಯ್ತದೆ?”

ಅವತ್ತು ಡಾಕ್ಟ್ರಮ್ಮ ರಬ್ಬರಿನ ಬಟ್ಟಲಲ್ಲಿ ಪುಡಿಗೆ ನೀರು ಹುಯ್ದು, ಚಪ್ಪಟೆ ಚಾಕುವಿನಲ್ಲಿ ಸರಸರ ಕಲೆಸಿದರು. ಕುದುರೆ ಲಾಳದ ಆಕಾರದ ಟ್ರೇಗೆ ತುಂಬಿದರು. ಸೋಪಿನ ವಾಸನೆ, ಜೊತೆಗೆ ಯಾವುದೋ ಹಣ್ಣಿನದು.

“ನೋಯ್ತದಾ ಡಾಕ್ಟ್ರಮ್ಮ?”

“ನೋಯಂಗಿಲ್ಲ. ಹೊಟ್ಟಿ ತೊಳಸ್ತೈತಿ. ಸುಳ್ಳ ಯಾಕ ಹೇಳ್ಲಿ?”

ಟ್ರೇ ಒಳಗೆ ಹೋಯಿತು. ಹಿಟ್ಟು ಅಂಗುಳಿನ ಮೇಲೆ ಹರಡಿ ಗಂಟಲ ಬಾಗಿಲಿಗೆ ಬಂದು ಕೂತಿತು. ಅಷ್ಟೇ ನನಗೆ ನೆನಪು. ಆಮೇಲೆ ನಾನು ಬೀದಿಯಲ್ಲಿದ್ದೆ, ಚರಂಡಿಯ ಮೇಲೆ ಬಗ್ಗಿ. ಸಾಬರು ಸೂಜಿ ಕೆಳಗಿಟ್ಟು ಚೊಂಬಿನಲ್ಲಿ ನೀರು ಕೊಟ್ಟರು. “ಸುಮಾರು ಜನ ಮೆಟ್ಲಲ್ಲೇ ಕೂತ್ಬಿಡ್ತಾರಕ್ಕ. ನೀವು ರೋಡ್ ತನ್ಕ ಬಂದ್ರಿ. ಗಟ್ಟಿಗಿತ್ತಿ!” ಎಂದರು.

ಮೇಲಿನ ಕಿಟಕಿಯಿಂದ ಡಾಕ್ಟ್ರಮ್ಮನ ದನಿ ಕೇಳಿತು. ಬೈಯುತ್ತಾರೆ ಎಂದುಕೊಂಡೆ. “ಓಡೋರು ಓಡ್ಲಿ ಬಿಡ್ರಿ. ಬಾಯಿ ಅವ್ರ ಜೋಡೀನ ಹೋಗೈತಿ, ಮತ್ತ ಬರ್ತೈತಿ” ಎಂದು ಕೆಳಗಿದ್ದ ಯಜಮಾನರಿಗೆ ಹೇಳುತ್ತಿದ್ದರು.

ಆ ದಿನ ಇನ್ನೊಮ್ಮೆ ಪ್ರಯತ್ನ ಮಾಡಲಿಲ್ಲ. ಬದಲಿಗೆ ಒಂದು ಖಾಲಿ ಟ್ರೇಯನ್ನು ತೊಳೆದು ಕಾಗದದಲ್ಲಿ ಸುತ್ತಿ ಕೊಟ್ಟರು. ಹಿಟ್ಟಿಲ್ಲದೆ ಬರೀ ಟ್ರೇ. ಮನೆಯಲ್ಲಿ ಕೆಲಸ ಮಾಡುವಾಗ ದಿನಾ ಸ್ವಲ್ಪ ಹೊತ್ತು ಬಾಯಲ್ಲಿ ಇಟ್ಟುಕೊಳ್ಳಬೇಕಂತೆ. “ಮನಿಗೆ ಬಂದ ಹೊಸಾ ಸೊಸೀನ ನೋಡಿದಂಗ ನೋಡ್ತೈತಿ ನಿಮ್ಮ ಗಂಟಲ. ನಾಕ ದಿನ ಒಳಗ ಹೊರಗ ಓಡಾಡಿದ್ರ ಸುಮ್ಮನಾಗ್ತೈತಿ.” ನಾನು ಸಾರಿಗೆ ರುಬ್ಬುವಾಗ, ಹಟ್ಟಿ ಗುಡಿಸುವಾಗ ಟ್ರೇ ಕಚ್ಚಿಕೊಂಡೇ ಇದ್ದೆ.

“ಕುದ್ರೆಗೆ ಕಾಲಿಗೆ ಹೊಡೀತಾರೆ ಕಣೇ ಲಾಳನ. ನಿನ್ಗೇನು ಬಾಯಿಗೆ ಹೊಡ್ದವ್ರಾ?” ಎಂದು ಯಜಮಾನರು ದಿನಾ ಕೇಳುತ್ತಿದ್ದರು. ಉತ್ತರ ಕೊಡಲು ಬಾಯಿ ಖಾಲಿ ಇರುತ್ತಿರಲಿಲ್ಲ. ಅದೂ ಅವರಿಗೆ ಗೊತ್ತಿತ್ತು.

ಎರಡನೇ ಸಲ ಹೋದಾಗ ಯಜಮಾನರೂ ಮೇಲೆ ಬಂದು ಸ್ಟೂಲಿನಲ್ಲಿ ಕೂತರು. ಡಾಕ್ಟ್ರಮ್ಮ ಓಕರಿಕೆ ತಡೆಯಲೆಂದು ನನ್ನ ನಾಲಿಗೆಯ ತುದಿಗೆ ಒಂದು ಹರಳು ಉಪ್ಪು ಹಾಕಿದರು. ಟ್ರೇ ಒಳಗಿಟ್ಟರು. “ಮೂಗಿಲೆ ಉಸಿರಾಡ್ರಿ. ಬಲಗಾಲ ಎತ್ರಿ. ಇನ್ನೂ ಮ್ಯಾಲೆ. ಕಾಲ ನೋಡ್ರಿ, ನನ್ನ ನೋಡಬ್ಯಾಡ್ರಿ” ಎಂದರು. ಎತ್ತಿದ ಕಾಲನ್ನು ಇಳಿಯದಂತೆ ಕಾಯುವುದರಲ್ಲಿ ಗಂಟಲು ಏನು ಮಾಡುತ್ತಿದೆ ಎಂದು ಕೇಳಲು ನನಗೆ ಪುರಸೊತ್ತಾಗಲಿಲ್ಲ. ಅವರೋ, ತಮ್ಮೂರಿನ ಬೀಸುಕಲ್ಲಿನ ಪದವೊಂದನ್ನು ಸಣ್ಣಗೆ ಹಾಡಲು ಶುರು ಮಾಡಿದರು. ಗಡಿಯಾರ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಆ ಪದ ಮುಗಿಯುವುದಕ್ಕೂ ಹಿಟ್ಟು ಗಟ್ಟಿಯಾಗುವುದಕ್ಕೂ ಸರಿಹೋಗುತ್ತಿತ್ತು. ಪದ ಮುಗಿಯಿತು, ಪಟ್ ಎಂದಿತು, ನನ್ನ ಬಾಯಿಯ ಅಚ್ಚು ಅವರ ಕೈಯಲ್ಲಿತ್ತು. ವಾಂತಿಯಿಲ್ಲ, ಓಟವಿಲ್ಲ. ನನಗೇ ನಂಬಿಕೆ ಬರಲಿಲ್ಲ.

ಆ ಅಚ್ಚಿನೊಳಕ್ಕೆ ಕೂಡಲೇ ಪ್ಲಾಸ್ಟರ್ ಹುಯ್ಯಬೇಕು. ಅದು ಗಟ್ಟಿಯಾದರೆ ನಮ್ಮ ಬಾಯಿಯ ಪಡಿಯಚ್ಚು ಸಿಗುತ್ತದೆ, ಅದರ ಮೇಲೆ ಹಲ್ಲು ಕಟ್ಟುತ್ತಾರೆ. ಅವತ್ತು ನೋಡಿದರೆ ಪ್ಲಾಸ್ಟರಿನ ಚೀಲ ತೇವ ಹಿಡಿದು ಗಂಟುಗಂಟಾಗಿತ್ತು. ಡಾಕ್ಟ್ರಮ್ಮ ಅಚ್ಚನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟು, “ಪ್ಯಾಟಿಯೊಳಗ ಇನ್ನೊಬ್ರು ಡಾಕ್ಟರ್ ಅದಾರ, ಅವ್ರ ಕಡಿಂದ ಪುಡಿ ತರ್ತೀನಿ. ಯಜಮಾನ್ರ, ಇದನ್ನ ನೋಡ್ಕೋರಿ, ಕೆಡಬಾರ್ದು” ಎಂದು ಹೇಳಿ ಮೆಟ್ಟಿಲಿಳಿದರು.

ಕೆಡಬಾರದು! ತೆಂಗಿನ ಸೀಮೆಯವರಿಗೆ ಈ ಮಾತು ಹೇಳಿ ಯಾರಾದರೂ ಆಚೆ ಹೋಗುತ್ತಾರೆಯೇ? ನಮ್ಮ ಅಟ್ಟದ ಮೇಲೆ ಕಾಯಿ ತಿಂಗಳುಗಟ್ಟಲೆ ಒಣಗುತ್ತದೆ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಎನ್ನುವ ತನಕ ಅದನ್ನು ಒಂದು ಹನಿ ನೀರೂ ಸೋಕದಂತೆ ಕಾಯುತ್ತೇವೆ. ಹೆಂಚು ಸೋರಿದರೆ ಮನೆಯವರು ನೆನೆದರೂ ಪರವಾಗಿಲ್ಲ, ಕಾಯಿ ನೆನೆಯಬಾರದು. ಒದ್ದೆಯಾಗಿದ್ದದ್ದು ಕೊಳೆಯುತ್ತದೆ, ಒಣಗಿದ್ದು ಉಳಿಯುತ್ತದೆ. ಇದಕ್ಕಿಂತ ದೊಡ್ಡ ಶಾಸ್ತ್ರ ನಮಗೆ ಯಾವುದೂ ಗೊತ್ತಿಲ್ಲ.

ಯಜಮಾನರು ಬಟ್ಟೆ ಮುಟ್ಟಿ ನೋಡಿದರು. “ಇದೇನೇ, ತೊಪ್ಪೆಯಾಗದಲ್ಲ! ಈ ಯಮ್ಮಂಗೆ ಬುದ್ಧಿ ಇಲ್ವಾ?”

“ಒಸಿ ಗಾಳಿಗಾದ್ರೂ ಬುಡಿ” ಎಂದೆ ನಾನು. ನಾನೂ ಅದೇ ಅಟ್ಟದ ಕೆಳಗೆ ಬಾಳಿದವಳಲ್ಲವೇ!

ಬಟ್ಟೆ ಬಿಚ್ಚಿದರು. ಕಿಟಕಿಯ ಕಟ್ಟೆಯ ಮೇಲೆ ಒಳ್ಳೆಯ ಬಿಸಿಲಿತ್ತು. ಅಲ್ಲಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಮಗುಚಿ ಹಾಕಿದರು, ಎರಡು ಕಡೆಯೂ ಸಮನಾಗಿ ಒಣಗಲಿ ಎಂದು. ಕಾಗೆ ಬಂದರೆ ಓಡಿಸಲು ಪಕ್ಕದಲ್ಲೇ ಟವಲು ಹಿಡಿದು ನಿಂತರು.

ಡಾಕ್ಟ್ರಮ್ಮ ಏದುಸಿರು ಬಿಡುತ್ತ ಪೊಟ್ಟಣ ಹಿಡಿದು ಬಂದರು. ಕಿಟಕಿಯ ಕಡೆ ನೋಡಿದರು. ಅಚ್ಚನ್ನು ಕೈಗೆತ್ತಿಕೊಂಡು ಅಂಚನ್ನು ಹೆಬ್ಬೆರಳಲ್ಲಿ ಒತ್ತಿದರು.

“ಇದನ್ನ ಬಿಸಲಿಗೆ ಯಾರ ಇಟ್ರಿ?”

“ನಾನೇ ಕಣಮ್ಮ” ಎಂದರು ಯಜಮಾನರು, ಎದೆ ಮುಂದೆ ಮಾಡಿ. “ನೀವು ಒದ್ದೆ ಬಟ್ಟೇಲಿ ಸುತ್ತಿಟ್ಟು ಹೊಂಟೋದ್ರಿ. ಕೊಳ್ತೋಗದು. ಈಗ ನೋಡಿ, ಹೆಂಗ್ ಗಟ್ಟಿಯಾಗದೆ.”

“ಗಟ್ಟಿ ಆಗಿಲ್ರಿ ಯಜಮಾನ್ರ, ಸಣ್ಣದಾಗೈತಿ. ಒಣಗಿದ್ರ ಇದು ಸುಕ್ಕತೈತಿ. ಇದರ ಮ್ಯಾಲೆ ಹಲ್ಲು ಕಟ್ಟಿದ್ರ ನಿಮ್ಮ ಹೆಂಡ್ತಿಗೆ ಆಗಂಗಿಲ್ಲ, ಗೊಂಬಿಗೆ ಆಗ್ತಾವ.”

ನನ್ನ ಕಣ್ಣಲ್ಲಿ ನೀರು ಬಂತು. ದಿನಗಟ್ಟಲೆ ಲಾಳ ಕಚ್ಚಿಕೊಂಡು ತಿರುಗಿದ್ದು, ಕಾಲೆತ್ತಿದ್ದು ಎಲ್ಲಾ ಹೋಯಿತು. ಸಭೆ ಹತ್ತಿರ ಬರುತ್ತಿತ್ತು. ಇನ್ನೊಂದು ಸಲ ಈ ಗಂಟಲು ಒಪ್ಪುತ್ತದೆಯೋ ಇಲ್ಲವೋ ಯಾರು ಬಲ್ಲರು? ಯಜಮಾನರು ಮಾತ್ರ ಟವಲು ಹೆಗಲಿಗೆ ಹಾಕಿಕೊಂಡರು.

“ಅಷ್ಟೇ ತಾನೇ? ಇನ್ನೊಂದ್ಸಲ ತಗೊಳ್ಳಿ. ಬಾಯಿ ತಗ್ದು ಕೂತ್ಕೊಳೋದು ಅದೇನ್ ಮಹಾ ಕೆಲ್ಸ? ಇವ್ಳು ಸುಮ್ಕೆ ನಾಟ್ಕ ಆಡ್ತಾಳೆ. ಸಭೇಲಿ ಹೆಂಗೂ ನಾನಿರ್ತೀನಲ್ಲ, ತೋಟದ ಗೇಟ್ ತಾವ ಪಂಪು ಅಂತ ಎರಡು ಮಾತು ನಾನೇ ಹೇಳ್ತೀನಿ. ಹಲ್ಲು ನಿಧಾನುಕ್ಕಾಗ್ಲಿ.”

ಡಾಕ್ಟ್ರಮ್ಮ ನನ್ನ ಮುಖ ನೋಡಿದರು. ನಾನು ಸೆರಗಿನ ಹಿಂದೆ ಏನನ್ನು ನುಂಗಿಕೊಂಡೆ ಎಂದು ಅವರಿಗೆ ಕಂಡಿರಬೇಕು. ಬಾಯಿ ನೋಡುವುದೇ ಅವರ ಕೆಲಸ. ಬಟ್ಟಲು ತೊಳೆದು, ಪುಡಿ ಸುರಿದು, ಬಹಳ ಮರ್ಯಾದೆಯಿಂದ ಕೇಳಿದರು:

“ಹೌದ್ರಿ? ಏನೂ ದೊಡ್ಡ ಕೆಲಸ ಅಲ್ಲನ? ಹಂಗಾರ ನೀವೂ ಕೂಡ್ರಿ. ನಿಮ್ಮ ಮ್ಯಾಲಿನ ಹಲ್ಲು ಸವದಾವ. ಅಳತಿ ತಗೊಂಡಿರೋಣ. ಪುಕ್ಕಟೆ.”

ಪುಕ್ಕಟೆ ಎಂದ ಮೇಲೆ ಬಿಡುವ ಮನುಷ್ಯನೇ? ಟವಲು ನನ್ನ ಕೈಗೆ ಕೊಟ್ಟು ಕೂತರು. ಡಾಕ್ಟ್ರಮ್ಮ ದೊಡ್ಡ ಟ್ರೇ ಆರಿಸಿದರು. ಹಿಟ್ಟೂ ಧಾರಾಳವಾಗಿತ್ತು. ಟ್ರೇ ಒಳಗೆ ಹೋದದ್ದೇ ತಡ, ಯಜಮಾನರ ಕಣ್ಣು ಎರಡೂ ಹೊರಗೆ ಬಂದವು. ಹೇಳುವುದಕ್ಕೆ ಮೊದಲೇ ಕಾಲು ಎತ್ತಿದರು, ಎರಡನ್ನೂ. ಡಾಕ್ಟ್ರಮ್ಮ ಒಂದು ಕೈಯಲ್ಲಿ ಟ್ರೇ ಒತ್ತಿ ಹಿಡಿದು, ನನ್ನ ಕಡೆ ತಿರುಗಿದರು.

“ಇವತ್ತ ನಾ ಹಾಡಂಗಿಲ್ಲ. ಸಭಾದಾಗ ಏನ ಮಾತಾಡೋರದೀರಿ, ಅದನ್ನ ಹೇಳ್ರಿ. ನಿಮ್ಮ ಮಾತು ಮುಗಿದ ಮ್ಯಾಲೆ ಇದನ್ನ ತಗೀತೀನಿ.”

“ನಾನಾ?” ಎಂದೆ ಸೆರಗಿನ ಒಳಗಿಂದ.

“ನೀವ. ಮೆಂಬರ್ ನೀವ ಅಲ್ಲ? ಸೆರಗ ತಗೀರಿ.”

ತೆಗೆದೆ. ಗಾಳಿ ಬಂತು, ಬರಲಿ ಎಂದೆ. “ಅಧ್ಯಕ್ಷರೇ” ಎಂದು ಡಾಕ್ಟ್ರಮ್ಮನಿಗೇ ಕೈಮುಗಿದು ಶುರು ಮಾಡಿದೆ. “ಕೈಪಂಪು ಶಾಲೆ ಮುಂದಕ್ಕೆ ಬರ್ಬೇಕು. ಹೆಣ್ಮಕ್ಕಳು ಕೊಡ ಹೊತ್ಕೊಂಡು ತಿರುಗೋದು ಸಾಕು. ತೋಟದ ಗೇಟ್ ತಾವ ಹಾಕುದ್ರೆ ಕುಡಿಯೋರು ನಮ್ಮ ಎಮ್ಮೆಗಳು ಮಾತ್ರ.”

“ಊಂ! ಊಂಊಂ! ಊಂ!” ಎಂದಿತು ಕುರ್ಚಿ.

“ಯಜಮಾನ್ರು ಹೂಂ ಅನ್ನಾಕತ್ತಾರ” ಎಂದರು ಡಾಕ್ಟ್ರಮ್ಮ. “ಒಪ್ಪಿಗಿ ಐತಿ ಅಂತ ಕಾಣಸ್ತೈತಿ. ಮುಂದ ಹೇಳ್ರಿ.”

ಮುಂದೆ ಹೇಳುವುದು ನಿಜವಾಗಿ ಏನೂ ಇರಲಿಲ್ಲ. ಆದರೆ ಮಾತು ಮುಗಿದರೆ ಟ್ರೇ ಹೊರಗೆ ಬರುತ್ತದೆ ಎಂದು ನೆನಪಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಅವಕಾಶ ಸಿಕ್ಕಿರಲಿಲ್ಲ. ಶಾಲೆಯ ಹೆಂಚು ಸೇರಿಸಿದೆ. ಬೀದಿದೀಪ ಸೇರಿಸಿದೆ. ಮಾಯಸಂದ್ರದ ಬಸ್ಸು ನಮ್ಮೂರ ಕ್ರಾಸಿನಲ್ಲಿ ನಿಲ್ಲದೆ ಹೋಗುವುದನ್ನು ಸೇರಿಸಿದೆ. ಪ್ರತಿಯೊಂದಕ್ಕೂ ಕುರ್ಚಿಯಿಂದ ಒಪ್ಪಿಗೆ ಬರುತ್ತಲೇ ಇತ್ತು. ಕೊನೆಗೆ ನನ್ನ ದನಿ ನನಗೇ ಹೊಸದಾಗಿ ಕೇಳಿಸತೊಡಗಿತು. ಗಾಳಿಯಿದ್ದರೂ ಒಂದು ಮಾತೂ ಅರ್ಥವಾಗದೆ ಉಳಿದಿರಲಿಲ್ಲ.

ಪಟ್ ಎಂದಿತು. ಮೀಸೆಯ ತುದಿಯಲ್ಲಿ ಗುಲಾಬಿ ಹಿಟ್ಟು ಅಂಟಿಸಿಕೊಂಡು ಯಜಮಾನರು ಎದ್ದು ಕೂತರು. “ಶಾಲೆ ತಾವನಾ?” ಎಂದರು ಮೊದಲು. “ನೀರು” ಎಂದರು ಆಮೇಲೆ.

ನಾನು ನಗುತ್ತಲೇ ಕುರ್ಚಿಗೆ ಹೋದೆ. ಈ ಸಲ ಡಾಕ್ಟ್ರಮ್ಮ ಟ್ರೇಯ ಹಿಡಿಯನ್ನು ನನ್ನ ಕೈಗೇ ಕೊಟ್ಟರು. “ನೀವ ಇಟ್ಕೋರಿ. ಬ್ಯಾಡ ಅನ್ನಿಸಿದ್ರ ನೀವ ತಗೀರಿ.” ತೆಗೆಯುವ ಅಧಿಕಾರ ನನ್ನ ಕೈಯಲ್ಲೇ ಇದೆ ಎಂದಾಗ ತೆಗೆಯಬೇಕು ಎನ್ನಿಸಲೇ ಇಲ್ಲ. ಅವರ ಬೀಸುಕಲ್ಲಿನ ಪದ ಪೂರ್ತಿ ಕೇಳಿದೆ. ಪ್ಲಾಸ್ಟರನ್ನು ಕಣ್ಣೆದುರಿಗೇ ಹುಯ್ದರು. ಯಜಮಾನರು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಸ್ಟೂಲಿನಲ್ಲಿ ಕೂತಿದ್ದರು. ವಾಪಸು ಬಸ್ಸು ಹತ್ತಿದೆವು. ತುರುವೇಕೆರೆ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಕೊಡಿಸಿ, “ಬೀದಿ ದೀಪ ಬ್ಯಾರೆ ಸೇರಿಸ್ದಲ್ಲೇ, ಅದೆಲ್ಲಿತ್ತೇ ನಿನ್ನ ತಲೇಲಿ?” ಎಂದರು.

ಸಭೆಯ ಹೊತ್ತಿಗೆ ಹಲ್ಲು ಬಂತು. ಯಜಮಾನರು ಅಭ್ಯಾಸದಂತೆ ನನ್ನ ಕುರ್ಚಿಯ ಹಿಂದೆ ನಿಂತು, ಟವಲು ಕೊಡವಿದರು. ನಾನು ತಿರುಗಿ ಅವರ ಬಾಯಿಯನ್ನೇ ಒಂದು ಸಲ ನೋಡಿದೆ, ಡಾಕ್ಟ್ರಮ್ಮ ನೋಡುವ ಹಾಗೆ. ಅವರು ಟವಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ಕೂತರು. ಪಂಪು ಶಾಲೆಯ ಮುಂದೆ ಬಂತು. ಈಗಲೂ ಈ ಕಥೆ ತೆಗೆದರೆ ಯಜಮಾನರು ಎದ್ದು ತೋಟಕ್ಕೆ ಹೋಗಿಬಿಡುತ್ತಾರೆ.

ಡಾಕ್ಟ್ರಮ್ಮನ ಸ್ನೇಹ ಅಲ್ಲಿಂದ ಬೆಳೆಯಿತು. ಅವರ ಕೋಣೆಯ ಗೋಡೆಗೆ ಹಲಗೆ ಹೊಡೆದು, ಅಚ್ಚು ತೆಗೆದ ಬಾಯಿಗಳನ್ನೆಲ್ಲ ಸಾಲಾಗಿ ಇಟ್ಟಿದ್ದರು. ಅವರಿಗೆ ಮುಖ ನೆನಪಿರುತ್ತಿರಲಿಲ್ಲ, ಹಲ್ಲು ನೆನಪಿರುತ್ತಿತ್ತು. ಒಮ್ಮೆ ತಿಪಟೂರು ಬಸ್‌ ಸ್ಟ್ಯಾಂಡಿನಲ್ಲಿ ಎದುರಿಗೆ ಸಿಕ್ಕಾಗ ತುಟಿ ಬಿಚ್ಚದೆ ಕೈಮುಗಿದೆ. ಪರೀಕ್ಷೆ ಮಾಡೋಣ ಎಂದು. ಯಾರೋ ಎಂದು ಸುಮ್ಮನೆ ತಲೆಯಾಡಿಸಿ ಮುಂದೆ ಹೋದರು. ಹಿಂದಿನಿಂದ ನಕ್ಕೆ. ತಿರುಗಿ ನನ್ನ ಬಾಯಿ ಕಂಡದ್ದೇ ಓಡಿ ಬಂದು ಕೈ ಹಿಡಿದರು. “ನಗಬಾರದೇನ್ರಿ ಮೊದಲ? ನನಗ ಹೆಂಗ ಗೊತ್ತಾಗಬೇಕು?”

ದೇವರ ಫೋಟೋ ಇರಬೇಕಾದ ಜಾಗದಲ್ಲಿ ಅವರು ಯಾವುದೋ ಇಂಗ್ಲಿಷ್ ಪುಸ್ತಕದಿಂದ ಕತ್ತರಿಸಿದ ಚಿತ್ರವೊಂದನ್ನು ಅಂಟಿಸಿದ್ದರು. ಒಂದು ಯಂತ್ರ, ಅದಕ್ಕೆ ವೈರು, ವೈರಿನ ತುದಿಯಲ್ಲಿ ದಪ್ಪ ಪೆನ್ನಿನಂಥದ್ದು. ಆ ಪೆನ್ನಿನೊಳಗೆ ಕ್ಯಾಮೆರಾ. ಹಲ್ಲಿನ ಮೇಲೆ ಆಡಿಸಿದರೆ ಟಿವಿಯಂಥ ಪರದೆಯ ಮೇಲೆ ಹಲ್ಲು ಮೂಡುತ್ತದೆ, ಆ ಚಿತ್ರದಿಂದಲೇ ಯಂತ್ರ ಹಲ್ಲು ಕೊರೆದುಕೊಡುತ್ತದೆ ಎಂದು ವಿವರಿಸಿದರು.

“ಫೋಟೋ ನೋಡಿ ಹಲ್ಲು ಮಾಡಾಕಾಯ್ತದಾ ಡಾಕ್ಟ್ರಮ್ಮ? ಫೋಟೋ ನೋಡಿ ಹೆಣ್ಣು ಒಪ್ಕೊಂಡೋರ ಪಾಡು ನಮ್ಮೂರಲ್ಲಿ ಬೇಕಾದಷ್ಟು ಅದೆ” ಎಂದೆ.

ಅವರು ನಗಲಿಲ್ಲ. “ನಾ ದಿನಾ ಮಂದೀನ ವಾಂತಿ ಮಾಡ್ಸಿ ಊಟ ಮಾಡ್ತೀನ್ರಿ. ಇದು ಬಂದ ದಿನ ಈ ಬಟ್ಟಲಾನ ತಿಪ್ಪಿಗೆ ಒಗೀತೀನಿ” ಎಂದರು. ಅದೊಂದೇ ಸಲ ಅವರ ದನಿ ಸಣ್ಣದಾದದ್ದನ್ನು ಕೇಳಿದ್ದು.

ಆ ಯಂತ್ರ ತಿಪಟೂರಿನ ಮಹಡಿ ಹತ್ತಲಿಲ್ಲ. ಎರಡು ಸಾವಿರ ಇಸವಿ ದಾಟಿ ಬಹಳ ವರ್ಷಗಳಾದ ಮೇಲೆ ಅವರು ಊರು ಬಿಟ್ಟು ಧಾರವಾಡಕ್ಕೆ ಹೊರಟರು. ಹೊರಡುವ ಮೊದಲು ನನಗೆ ಹೇಳಿಕಳಿಸಿದರು. ನನ್ನದೊಂದು ದವಡೆ ಹಲ್ಲಿಗೆ ಟೊಪ್ಪಿಗೆ ಹಾಕುವುದು ಬಾಕಿಯಿತ್ತು.

“ಬೆಂಗಳೂರಾಗ ನನ್ನ ಜೋಡಿ ಓದಿದಾಕಿ ಆ ಮಷೀನ್ ತರ್ಸ್ಯಾಳ. ನಾ ಅದನ್ನ ಒಮ್ಮೆ ನೋಡಬೇಕು. ನೀವ ಬರ್ರಿ. ನಿಮ್ಮ ಗಂಟಲಾ ಒಪ್ಪಿದ್ರ ಜಗತ್ತ ಒಪ್ಪಿದಂಗ.”

ರೈಲಿನಲ್ಲಿ ಹೋದೆವು. ಅವರ ಗೆಳತಿ ನನ್ನನ್ನು ಕುರ್ಚಿಗೆ ಕರೆದರೆ, ಡಾಕ್ಟ್ರಮ್ಮ ನನ್ನ ಭುಜ ಹಿಡಿದು ನಿಲ್ಲಿಸಿ, ತಾವೇ ಹೋಗಿ ಕೂತು ಬಾಯಿ ತೆರೆದರು. ಅವರದಾದ ಮೇಲೆಯೇ ನನ್ನದು. ಹಲ್ಲಿಗೆ ವಿಭೂತಿಯ ಹಾಗೆ ಒಂದಿಷ್ಟು ಬಿಳಿ ಪುಡಿ ಊದಿದರು. ಪೆನ್ನು ಒಳಗೆ ಬಂತು. ಕೆನ್ನೆಯ ಪಕ್ಕ ಆ ಕಡೆ ಈ ಕಡೆ ಸುಳಿದಾಡಿತು. ಅಂಗುಳಿಗೆ ಮುಟ್ಟಲಿಲ್ಲ, ಗಂಟಲಿಗೆ ಸುದ್ದಿಯೇ ತಿಳಿಯಲಿಲ್ಲ.

“ಅಮ್ಮ, ಕಾಲು ಯಾಕೆ ಎತ್ತಿದೀರ?” ಎಂದು ಗೆಳತಿ ಗಾಬರಿಯಾಗಿ ಕೇಳಿದರು. ನೋಡಿದರೆ ನನ್ನ ಬಲಗಾಲು ತಾನಾಗಿಯೇ ಮೇಲಿತ್ತು.

ಎದ್ದು ಬಂದೆ. ಪರದೆಯ ಮೇಲೆ ನನ್ನ ದವಡೆ ಹಲ್ಲು ತಟ್ಟೆಯಷ್ಟು ದೊಡ್ಡದಾಗಿ, ಬೇಕಾದ ಕಡೆಗೆ ತಿರುಗುತ್ತಿತ್ತು. ಡಾಕ್ಟ್ರಮ್ಮ ಅದರ ಮುಂದೆ ನಿಂತಿದ್ದರು. ಕೈ ಹಿಂದಕ್ಕೆ ಕಟ್ಟಿಕೊಂಡಿದ್ದರು. ನನ್ನ ಹಲ್ಲನ್ನು ಅಷ್ಟು ಹೊತ್ತು ಅವರು ಎಂದೂ ನೋಡಿರಲಿಲ್ಲ. ಅವರ ಕಣ್ಣು ಒದ್ದೆಯಾದದ್ದು ಕಂಡು ನನಗೆ ತಡೆಯಲಾಗಲಿಲ್ಲ. ಪಕ್ಕಕ್ಕೆ ಹೋಗಿ, “ಈ ಮಷೀನು ಆವತ್ತೇ ನಿಮ್ಮ ತಾವ ಇರ್ಬೇಕಾಗಿತ್ತು ಡಾಕ್ಟ್ರಮ್ಮ” ಎಂದೆ.

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಬ್ಯಾಡ್ರಿ. ಆವತ್ತ ಇದು ಇದ್ದಿದ್ರ ನಿಮ್ಮ ಯಜಮಾನ್ರ ಬಾಯಿಗೆ ನಾ ಏನ ತುಂಬಬೇಕಿತ್ತು?”